ಕಾರಂತರ ಬದುಕಿನಿಂದ ಬರವಣಿಗೆ ಕಲಿಯುವ ಬಗೆ

ಹಿರಿಯ ಲೇಖಕರ ಜೀವನಕಥೆಯನ್ನು ಬರವಣಿಗೆ ಕಲಿಯುವುದಕ್ಕಾಗಿ ಓದುವವರು ಪ್ರಶಸ್ತಿಗಳ ಪುಟಗಳನ್ನು ದಾಟಿ, ಅವರಿಗೆ ಬರೆಯುವ ಸಾಮಗ್ರಿ ಎಲ್ಲಿಂದ ಒದಗಿತು ಎಂಬುದನ್ನು ಹುಡುಕಬೇಕು. ಈ ಅಭ್ಯಾಸಕ್ಕೆ ಶಿವರಾಮ ಕಾರಂತರಿಗಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ.

ಮೊದಲು ಅವರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಆತ್ಮಕಥೆಯನ್ನು ಓದಿ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು; ಖಾದಿ ಪ್ರಚಾರ, ಪತ್ರಿಕೆ, ನಾಟಕ, ಯಕ್ಷಗಾನ ಎಂದು ಊರೂರು ಅಲೆದವರು. ಅವರು ಎಲ್ಲಿಗೆ ಹೋದರು, ಯಾರ ಕೆಲಸವನ್ನು ಹತ್ತಿರದಿಂದ ಕಂಡರು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತ ಹೋಗಿ.

ಆಮೇಲೆ 1933ರ ‘ಚೋಮನ ದುಡಿ’ಯನ್ನು ಪಕ್ಕಕ್ಕಿಟ್ಟುಕೊಳ್ಳಿ. ಇಲ್ಲಿ ನಿಧಾನಿಸಬೇಕು. ಚೋಮನಿಗೆ ಒಂದು ತುಂಡು ಭೂಮಿಯನ್ನು ಸ್ವಂತವಾಗಿ ಉಳುವ ಆಸೆ. ಮನೆಯಲ್ಲಿ ಜೋಡಿ ಎತ್ತುಗಳೂ ಇವೆ. ಆದರೆ ಹುಟ್ಟಿದ ಜಾತಿಯ ಕಾರಣಕ್ಕೆ ಬೇಸಾಯ ಅವನಿಗೆ ನಿಷಿದ್ಧ. ಅವನ ಸಿಟ್ಟು, ಸಂಕಟಗಳೆಲ್ಲ ದುಡಿಯ ಬಡಿತದಲ್ಲಿ ಹೊರಬೀಳುತ್ತವೆ, ಕೊನೆಯುಸಿರಿನ ತನಕ. ಆ ವಾದ್ಯ ಯಾವ ಯಾವ ಹೊತ್ತಿನಲ್ಲಿ ಕೇಳಿಸುತ್ತದೆ ಎಂದು ಪುಟಸಂಖ್ಯೆ ಸಹಿತ ಬರೆದುಕೊಂಡರೆ, ಒಂದು ವಸ್ತು ಇಡೀ ಕಾದಂಬರಿಯ ಭಾರವನ್ನು ಹೇಗೆ ಹೊರುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಯಾವ ವಿಮರ್ಶೆಯೂ ನನಗೆ ಇದನ್ನು ಇಷ್ಟು ಸ್ಪಷ್ಟವಾಗಿ ಕಲಿಸಿರಲಿಲ್ಲ.

ಮೂರನೆಯದು ನಿಮ್ಮದೇ ಬರವಣಿಗೆ. ಕಾರಂತರ ಶೈಲಿಯನ್ನು ಅನುಕರಿಸಲು ಹೋಗದೆ, ನಿಮ್ಮೂರಿನ ಒಂದು ಕೆಲಸದ ಬಳಿ ನಾಲ್ಕು ದಿನ ಕುಳಿತುಕೊಳ್ಳಿ. ಅಡಕೆ ಸುಲಿಯುವ ಹೆಂಗಸೊಬ್ಬರ ಕುರಿತು ನಾನು ಬರೆದ ಮೊದಲ ಪುಟದಲ್ಲಿ ‘ದಣಿವು’ ಎಂಬ ಮಾತು ಐದು ಸಲ ಬಂದಿತ್ತು. ಮತ್ತೆ ಹೋಗಿ ಕುಳಿತಾಗ, ಮೆಟ್ಟುಗತ್ತಿಯ ಮುಂದೆ ಅವರು ಕಾಲು ಬದಲಿಸಿ ಕೂರುವ ಬಗೆ, ಅಡಕೆಯ ಒಗರು ರಸವಾದ ಚೊಗರಿಗೆ ಕಪ್ಪಾದ ಬೆರಳುಗಳು, ಡಬ್ಬ ತುಂಬಿತೇ ಎಂದು ಮತ್ತೆ ಮತ್ತೆ ಹಣಿಕಿ ನೋಡುವ ಕಣ್ಣು ಕಾಣಿಸಿದವು. ಅವುಗಳನ್ನು ಬರೆದ ಮೇಲೆ ‘ದಣಿವು’ ಎಂಬ ಮಾತನ್ನು ಐದೂ ಕಡೆ ಹೊಡೆದುಹಾಕಿದೆ.

ನೀವೂ ಬರೆದ ಪುಟವನ್ನು ಒಂದು ವಾರ ಮುಚ್ಚಿಟ್ಟು, ನಂತರ ಗಟ್ಟಿಯಾಗಿ ಓದಿ, ಭಾವನೆಯನ್ನು ಹೆಸರಿಸುವ ಪ್ರತಿಯೊಂದು ಪದದ ಕೆಳಗೆ ಗೆರೆ ಎಳೆಯಿರಿ. ಗೆರೆ ಬಿದ್ದಲ್ಲಿ ಇಡಲು ಕಂಡದ್ದೇನೂ ನೆನಪಿಗೆ ಬಾರದಿದ್ದರೆ, ಕುರ್ಚಿಯಿಂದೆದ್ದು ಆ ಜಾಗಕ್ಕೆ ಇನ್ನೊಮ್ಮೆ ಹೋಗಿ ಬನ್ನಿ.