ಬಾಲ ಭಾರವಾದರೆ ವಿಮಾನ ಬಿದ್ದಂತೆಯೇ

ರೇಡಿಯೊ ನಿಯಂತ್ರಿತ ವಿಮಾನ ಕಟ್ಟಲು ಹೊರಟವರು ಮೊದಲು ಕೇಳುವುದು ಮೋಟರ್ ಎಷ್ಟು ದೊಡ್ಡದಿರಬೇಕು ಎಂದು. ಆಮೇಲಿನ ಪ್ರಶ್ನೆ, ಯುದ್ಧವಿಮಾನದ ಥರ ಕಾಣುವಂತೆ ಮಾಡಬಹುದಾ ಎಂದು. ನನ್ನ ಮೊದಲ ವಿಮಾನವೂ ಅಂಥದ್ದೇ: ಚೂಪು ಮೂತಿ, ಮೋಟು ರೆಕ್ಕೆ. ಕೈಬಿಟ್ಟ ಕೂಡಲೇ ತಲೆಯೆತ್ತಿ ನಿಂತಿತು, ಪಕ್ಕಕ್ಕೆ ಮಗುಚಿತು, ನೆಲಕ್ಕೆ ಬಡಿಯಿತು. ಎಲ್ಲ ಸೇರಿ ಮೂರು ಸೆಕೆಂಡು. ತೂಕ ಎಲ್ಲಿ ಕೂತಿದೆ ಎಂದು ನಾನು ನೋಡಿರಲೇ ಇಲ್ಲ.

ಆಕಾರ ಮತ್ತು ಅಳತೆ

ಮೊದಲ ವಿಮಾನ ನೋಡಲು ಪೆದ್ದಾಗಿದ್ದರೇ ಒಳ್ಳೆಯದು. ರೆಕ್ಕೆ ದೇಹದ ಮೇಲ್ಗಡೆ ಕೂರಬೇಕು. ತುದಿಗಳು ಮೇಲಕ್ಕೇರಿ, ಎದುರಿನಿಂದ ನೋಡಿದರೆ ಅಗಲವಾದ 'ವಿ' ಹಾಗೆ ಕಾಣಬೇಕು. ಗಾಳಿಗೆ ಒಂದು ಕಡೆ ವಾಲಿದರೂ ಇಂಥ ರೆಕ್ಕೆ ತಾನಾಗಿ ಸಮಕ್ಕೆ ಬರುತ್ತದೆ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲುಗುವ ಪಟ್ಟಿ, ಅಂದರೆ ಏಲೆರಾನ್, ಬೇಡ. ಮೋಟರ್ ವೇಗ, ಎಲಿವೇಟರ್ (ಮೂತಿ ಏರಿಸಿಳಿಸುವ ಬಾಲದ ಅಡ್ಡ ಪಟ್ಟಿ), ರಡರ್ (ಎಡಬಲ ತಿರುಗಿಸುವ ಬಾಲದ ನಿಂತ ಪಟ್ಟಿ), ಈ ಮೂರು ಚಾನೆಲ್ ಸಾಕು.

5 ಮಿ.ಮೀ. ದಪ್ಪದ ಫೋಮ್ ಹಾಳೆ ತನ್ನಿ. ರೆಕ್ಕೆ ತುದಿಯಿಂದ ತುದಿಗೆ 1 ಮೀಟರ್, ಅಗಲ 18 ಸೆಂ.ಮೀ. ದೇಹದ ಉದ್ದ 70ರಿಂದ 75 ಸೆಂ.ಮೀ. ಬಾಲದ ಅಡ್ಡರೆಕ್ಕೆಯ ವಿಸ್ತೀರ್ಣ ದೊಡ್ಡ ರೆಕ್ಕೆಯ ಐದನೇ ಒಂದು ಪಾಲು ಇರಲಿ, 40 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಎಲ್ಲ ಸೇರಿ 600 ಗ್ರಾಂ ದಾಟದಿರಲಿ.

ಬಾಲ್ಸಾ ಮರದಲ್ಲೂ ಕಟ್ಟಬಹುದು, ತಾಳ್ಮೆ ಹೆಚ್ಚು ಬೇಕು. ಆ ಮರ ಎಷ್ಟು ಹಗುರವೋ ಅಷ್ಟೇ ಗಟ್ಟಿ. 2003ರ ಆಗಸ್ಟ್‌ನಲ್ಲಿ, ಕಣ್ಣು ಬಹುಪಾಲು ಮಂಜಾಗಿದ್ದ 77 ವರ್ಷದ ಅಮೆರಿಕದ ಮಾದರಿ ವಿಮಾನಗಾರ ಮೇನಾರ್ಡ್ ಹಿಲ್ ಮತ್ತು ಸಂಗಡಿಗರು ಹಾರಿಸಿದ, 5 ಕಿಲೊಗಿಂತ ಕಡಿಮೆ ತೂಕದ ಬಾಲ್ಸಾ ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಐರ್ಲೆಂಡಿಗೆ ಸುಮಾರು 39 ಗಂಟೆಗಳಲ್ಲಿ ಅಟ್ಲಾಂಟಿಕ್ ದಾಟಿತು. ನಮಗೆ ಸದ್ಯಕ್ಕೆ ಮೈದಾನ ದಾಟಿದರೆ ಸಾಕು.

ಕೊಯ್ಯುವುದು, ಅಂಟಿಸುವುದು

ಬ್ಲೇಡು ಹೊಸದಿರಲಿ, ಮೊಂಡಾದದ್ದು ಫೋಮನ್ನು ಹರಿಯುತ್ತದೆ. ರೆಕ್ಕೆಯೊಳಗೆ ಉದ್ದಕ್ಕೂ ತೆಳು ಮರದ ಪಟ್ಟಿ ಇಟ್ಟು, ಹಾಳೆಯನ್ನು ಅದರ ಮೇಲೆ ಬಾಗಿಸಿ ಮಡಚಿ. ಮೇಲ್ಮೈಗೆ ಬೇಕಾದ ಉಬ್ಬು ಬರುತ್ತದೆ. ಎರಡು ಅರ್ಧಗಳನ್ನು ಕೂಡಿಸುವಾಗ ಒಂದನ್ನು ಮೇಜಿನ ಮೇಲೆ ಮಲಗಿಸಿ, ಇನ್ನೊಂದರ ತುದಿಗೆ 10 ಸೆಂ.ಮೀ. ಎತ್ತರದ ಡಬ್ಬಿ ಆಸರೆ ಕೊಡಿ. ನಡುವೆ ಅದೇ ಕೋನಕ್ಕೆ ಕೊಯ್ದ ಪ್ಲೈವುಡ್ ತುಂಡು ಹಾಕಿ ಅಂಟಿಸಿ. ಸಾಮಾನ್ಯ ಸೂಪರ್ ಗ್ಲೂ ಥರ್ಮೋಕೋಲಿನಂಥ ಫೋಮನ್ನು ತಿಂದುಹಾಕುತ್ತದೆ, ಎಪಾಕ್ಸಿ ಬಳಸಿ.

ರೆಕ್ಕೆಯನ್ನು ದೇಹಕ್ಕೆ ಅಂಟಿಸಲೇಬೇಡಿ. ರಬ್ಬರ್ ಬ್ಯಾಂಡ್ ಬಿಗಿಯಿರಿ. ಬಿದ್ದಾಗ ರೆಕ್ಕೆ ಕಳಚಿಕೊಳ್ಳುತ್ತದೆ, ಮುರಿಯುವುದಿಲ್ಲ.

ವೈರಿಂಗ್

ಸುಮಾರು 1000 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಬ್ರಷ್‌ಲೆಸ್ ಮೋಟರ್, 30 ಆಂಪಿಯರ್ ಸ್ಪೀಡ್ ಕಂಟ್ರೋಲರ್, ಎಲಿವೇಟರ್, ರಡರ್ ತಿರುಗಿಸಲು 9 ಗ್ರಾಂನ ಎರಡು ಸರ್ವೊ (ಪುಟ್ಟ ಮೋಟರ್), ರಿಸೀವರ್, ಮೂರು ಸೆಲ್‌ನ 1300 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಮೋಟರ್ ತಿರುಗುಮುರುಗಾಗಿ ಸುತ್ತಿದರೆ ಅದರ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಮೇಜಿನ ಮೇಲಿನ ಪರೀಕ್ಷೆಯೆಲ್ಲ ಮುಗಿಯುವವರೆಗೂ ಪ್ರೊಪೆಲರ್ ಹಾಕಬೇಡಿ. ಅದು ಬೆರಳು ನೋಡಿ ನಿಲ್ಲುವುದಿಲ್ಲ. ಹಾಕುವಾಗ ಅಕ್ಷರಗಳಿರುವ ಮುಖ ಮುಂದಕ್ಕಿರಲಿ.

ತೂಗಿ ನೋಡುವುದು

ನಾನು ತಪ್ಪಿದ್ದು ಇಲ್ಲೇ. ಬ್ಯಾಟರಿ ಸಮೇತ ಎಲ್ಲವನ್ನೂ ಜೋಡಿಸಿದ ಮೇಲೆ, ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಶೇ 25ರಿಂದ 30ರಷ್ಟು ಹಿಂದೆ, ನಮ್ಮ ಅಳತೆಗೆ 4.5ರಿಂದ 5.4 ಸೆಂ.ಮೀ. ದೂರದಲ್ಲಿ, ರೆಕ್ಕೆಯ ಅಡಿಗೆ ದೇಹದ ಎರಡೂ ಪಕ್ಕ ಪೆನ್ಸಿಲ್ ಗುರುತು ಹಾಕಿ. ಎರಡು ತೋರುಬೆರಳುಗಳನ್ನು ಆ ಗುರುತಿಗಿಟ್ಟು ವಿಮಾನ ಎತ್ತಿ. ಸಮನಾಗಿ, ಇಲ್ಲವೇ ಮೂತಿ ಕೂದಲೆಳೆಯಷ್ಟು ತಗ್ಗಿ ನಿಲ್ಲಬೇಕು.

ಮೂತಿ ಭಾರವಾದರೆ ವಿಮಾನ ಮೊಂಡು ಎತ್ತಿನಂತೆ ತಗ್ಗಿ ಓಡುತ್ತದೆ, ರಭಸದಿಂದ ಇಳಿಯುತ್ತದೆ, ಆದರೂ ಮಾತು ಕೇಳುತ್ತದೆ. ಬಾಲ ಭಾರವಾದರೆ ಎಲಿವೇಟರನ್ನು ತುಸು ಮುಟ್ಟಿದರೂ ತಲೆಯೆತ್ತುತ್ತದೆ, ವೇಗ ಸಾಯುತ್ತದೆ, ರೆಕ್ಕೆ ಹಿಡಿತ ಕಳೆದುಕೊಳ್ಳುತ್ತದೆ. ಅದನ್ನು ಪಳಗಿದ ಕೈಯೂ ಉಳಿಸುವುದು ಕಷ್ಟ. ವಿಮಾನದಲ್ಲಿ ಸುಲಭವಾಗಿ ಸರಿಸಬಹುದಾದ ದೊಡ್ಡ ತೂಕವೆಂದರೆ ಬ್ಯಾಟರಿ. ಆದ್ದರಿಂದ ಅದರ ಗೂಡು ಉದ್ದಕ್ಕಿರಲಿ, ವೆಲ್ಕ್ರೊ ಹಚ್ಚಿ ಹಿಂದೆಮುಂದೆ ಸರಿಸಿ ನೋಡಿ. ಸೀಸ ಸೇರಿಸುವುದು ಕೊನೆಯ ದಾರಿ. ಎಡಬಲದ ತೂಕವನ್ನೂ ಒಮ್ಮೆ ನೋಡಿಬಿಡಿ.

ಮೈದಾನದಲ್ಲಿ

ನಿಮ್ಮ ದೇಶದ ನಿಯಮ ಮೊದಲೇ ತಿಳಿದುಕೊಂಡಿರಿ. ಹಲವು ದೇಶಗಳಲ್ಲಿ 250 ಗ್ರಾಂ ದಾಟಿದರೆ ನೋಂದಣಿ ಬೇಕು, 120 ಮೀಟರ್‌ಗಿಂತ ಮೇಲೆ ಹಾರಿಸುವಂತಿಲ್ಲ. ಜನ, ರಸ್ತೆ, ವಿದ್ಯುತ್ ತಂತಿ ಇಲ್ಲದ ಹುಲ್ಲು ಬಯಲು ಹುಡುಕಿ, ಗಾಳಿ ಏಳುವ ಮುಂಚೆ ಬೆಳಿಗ್ಗೆ ಹೋಗಿ.

ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಯಾವಾಗಲೂ ಮೊದಲು ಆನ್, ಕೊನೆಗೆ ಆಫ್. ಎಲಿವೇಟರ್ ಕಡ್ಡಿ ನಿಮ್ಮ ಕಡೆ ಎಳೆದರೆ ಬಾಲದ ಪಟ್ಟಿ ಮೇಲೇಳಬೇಕು. ಸಂಪರ್ಕ ಕಡಿದರೆ ಮೋಟರ್ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ; ಮನೆಯಲ್ಲಿ ಪ್ರೊಪೆಲರ್ ಇಲ್ಲದೆ ಇದನ್ನು ಪರೀಕ್ಷಿಸಿರಬೇಕು. ಮೊದಲು ಮೋಟರ್ ಆಫ್ ಮಾಡಿ, ಎದುರುಗಾಳಿಗೆ ಹುಲ್ಲಿನ ಮೇಲೆ ಮೆಲ್ಲಗೆ ಎಸೆಯಿರಿ. ನೇರವಾಗಿ ತೇಲಿ ಇಳಿದರೆ ನಿಮ್ಮ ಪೆನ್ಸಿಲ್ ಗುರುತು ಸರಿಯಿದೆ.

ಇನ್ನು ಮೋಟರ್ ಜೋರು ಮಾಡಿ, ಎದುರುಗಾಳಿಗೆ, ನೆಲಕ್ಕೆ ಸಮನಾಗಿ ತಳ್ಳಿ. ಆಕಾಶದ ಕಡೆ ಎಸೆಯಬೇಡಿ, ಎಲ್ಲರ ಕೈಯೂ ಹಾಗೆ ಮಾಡಲು ಹಾತೊರೆಯುತ್ತದೆ. 30–40 ಮೀಟರ್ ಮೇಲೇರಿದ ನಂತರವೇ ತಿರುಗಿಸಿ. ಎತ್ತರವಿದ್ದರೆ ತಪ್ಪು ತಿದ್ದಿಕೊಳ್ಳಲು ಸಮಯವಿರುತ್ತದೆ.

ನಿಜವಾದ ಗೊಂದಲ ಶುರುವಾಗುವುದು ವಿಮಾನ ನಿಮ್ಮ ಕಡೆ ಮುಖ ಮಾಡಿದಾಗ. ಬಲಕ್ಕೆ ಒತ್ತಿದರೆ ಅದು ನಿಮ್ಮ ಎಡಕ್ಕೆ ಹೋಗುತ್ತದೆ. ಇದಕ್ಕೊಂದು ಉಪಾಯ: ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೆ ಕಡ್ಡಿ ಒತ್ತಿ, ಜಾರುವ ರೆಕ್ಕೆಗೆ ಕೈಯಾಸರೆ ಕೊಟ್ಟ ಹಾಗೆ. ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಹತ್ತು ಗಂಟೆ ಇದನ್ನೇ ಅಭ್ಯಾಸ ಮಾಡಿದರೆ ಹತ್ತು ರೆಕ್ಕೆ ಉಳಿದಾವು. ಗಾಬರಿಯಾದರೆ ವೇಗ ಇಳಿಸಿ, ಕಡ್ಡಿ ಬಿಟ್ಟುಬಿಡಿ. 'ವಿ' ರೆಕ್ಕೆ ಕಟ್ಟಿದ್ದೇ ಅದಕ್ಕೆ.

ಬ್ಯಾಟರಿ ಬರಿದಾಗುವ ಮುಂಚೆ ಇಳಿಸಲು ಗಡಿಯಾರದಲ್ಲಿ 6 ನಿಮಿಷ ಇಟ್ಟುಕೊಳ್ಳಿ. ಇಳಿಸುವಾಗಲೂ ಎದುರುಗಾಳಿಯೇ. ವೇಗ ತಗ್ಗಿಸುತ್ತ ಬನ್ನಿ, ನೆಲ ಒಂದು ಅಡಿ ಇದೆ ಎನ್ನುವಾಗ ಮಾತ್ರ ಮೂತಿ ತುಸು ಎತ್ತಿ.

ಮನೆಗೆ ಬಂದ ಮೇಲೆ

ಲಿಪೊ ಬ್ಯಾಟರಿ ಊದಿಕೊಂಡಿದ್ದರೆ ಮತ್ತೆ ಬಳಸಬೇಡಿ, ಬೆಂಕಿ ಹತ್ತುವ ಅಪಾಯವಿದೆ. ಚೆನ್ನಾಗಿದ್ದದ್ದನ್ನು 1.3 ಆಂಪಿಯರ್‌ನಲ್ಲಿ, ನಿಮ್ಮ ಕಣ್ಣೆದುರೇ ಚಾರ್ಜ್ ಮಾಡಿ. ವಾರಗಟ್ಟಲೆ ಇಡುವುದಾದರೆ ಪ್ರತಿ ಸೆಲ್ 3.8 ವೋಲ್ಟ್‌ನಲ್ಲಿರಲಿ.

ಬಾಲ ಮುರಿದಿದ್ದರೆ ಅಂಟಿಸಿ. ಆದರೆ ಅಷ್ಟು ಹಿಂದೆ ಬಳಿದ ಅಂಟೂ ತೂಕವೇ. ಒಣಗಿದ ಮೇಲೆ ತೋರುಬೆರಳುಗಳನ್ನು ಮತ್ತೆ ಆ ಪೆನ್ಸಿಲ್ ಗುರುತಿಗಿಟ್ಟು ಎತ್ತಿ ನೋಡಿ.