ಬಹುಮಾನಕ್ಕೆ ಒಂದೇ ಹೆಜ್ಜೆ ಇದ್ದಾಗ ಪೋಕರ್‌ನಲ್ಲಿ ರೇಸ್ ಯಾರ ಮೇಲೆ?

ತುಮಕೂರಿನ ಗೆಳೆಯರಿಗೆ, ನಮ್ಮ ಭಾನುವಾರದ ಪೋಕರ್ ಟೂರ್ನಿ ಬಗ್ಗೆ ಒಂದು ಮಾತು. (ದುಡ್ಡಿಲ್ಲ, ಬರೀ ಚಿಪ್ಸ್. 2025ರ ಕಾಯ್ದೆ ಬಂದ ಮೇಲೆ ಆನ್‌ಲೈನ್ ದುಡ್ಡಿನಾಟದ ತಂಟೆಯೇ ಬೇಡ.)

ಮೂವರಿಗೆ ಬಹುಮಾನ, ನಾಲ್ವರು ಉಳಿದಿದ್ದಾರೆ ಅಂದಾಗ ಎಲ್ಲರೂ ಬಿಗಿಯಾಗಿ ಕೂರ್ತಾರೆ. ನುಗ್ಗೋದು ಆಗಲೇ. ಬ್ಲೈಂಡ್ (ಎಲೆ ನೋಡೋ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್) 500/1000, ಜೊತೆಗೆ ಬಿಗ್ ಬ್ಲೈಂಡ್‌ನವರು, ಅಂದರೆ 1000 ಹಾಕಿದವರು, ಎಲ್ಲರ ಪರವಾಗಿ ಹಾಕೋ ಇನ್ನೊಂದು 1000 (ಆಂಟಿ) ಸೇರಿದರೆ ನಡುವೆ 2500 ಬಿದ್ದಿರುತ್ತೆ. ಬಟನ್‌ನಿಂದ (ಎಲೆ ಹಂಚುವವರ ಜಾಗ, ನಿಮ್ಮ ನಂತರ ಬ್ಲೈಂಡ್‌ನ ಇಬ್ಬರೇ ಬಾಕಿ) ರೇಸ್ ಮಾಡಿ, ಅಂದರೆ ಪಂದ್ಯವನ್ನು 2200ಕ್ಕೆ ಏರಿಸಿ. ನೂರಕ್ಕೆ 47 ಸಲ ಇಬ್ಬರೂ ಎಲೆ ಬಿಸಾಕಿದರೆ ಸಾಕು, ನಷ್ಟವಿಲ್ಲ.

ಆದರೆ ಎದುರಿಗೆ ಯಾರು ಅನ್ನೋದೇ ಮುಖ್ಯ. ಚಿಪ್ಸ್‌ನ ಮಧ್ಯಮ ರಾಶಿ ಇಟ್ಟುಕೊಂಡು, ಎಲೆ ನೋಡೋ ಮೊದಲೇ ಪಕ್ಕದವರ ಚಿಪ್ಸ್ ಎಣಿಸ್ತಾರಲ್ಲ, ಅವರು ಬಿಟ್ಟುಕೊಡ್ತಾರೆ. ‘ನೋಡೇ ಬಿಡೋಣ’ ಅಂತ ಎಲ್ಲಕ್ಕೂ ಕಾಲ್ ಮಾಡೋ (ಎದುರಿನವರಷ್ಟೇ ಚಿಪ್ಸ್ ಹಾಕೋ) ಅಣ್ಣಂದಿರ ಹತ್ತಿರ ಬ್ಲಫ್, ಅಂದರೆ ಕೆಟ್ಟ ಎಲೆಯಲ್ಲಿ ಹೆದರಿಸೋದು, ದಂಡ. ಅಲ್ಲಿ ಒಳ್ಳೆ ಎಲೆ ಬಂದಾಗಷ್ಟೇ ದೊಡ್ಡದಾಗಿ ಕಟ್ಟಿ. ನಿಮಗಿಂತ ದೊಡ್ಡ ರಾಶಿಯವರನ್ನು ಕೆಣಕಬೇಡಿ. ಐದಾರು ಬಿಗ್ ಬ್ಲೈಂಡ್‌ನಷ್ಟೇ (ಇಲ್ಲಿ ಐದಾರು ಸಾವಿರ) ಚಿಪ್ಸ್ ಉಳಿದವರು ಆಲ್-ಇನ್ ಹೋಗಿಬಿಡ್ತಾರೆ, ಇರೋದನ್ನೆಲ್ಲ ಕಟ್ಟಿಬಿಡ್ತಾರೆ, ಹುಷಾರು.

ಸಂಜೆಯೆಲ್ಲ ತೆಪ್ಪಗಿದ್ದವರು ನಿಮ್ಮ ರೇಸ್ ಮೇಲೆ ತಿರುಗಿ ರೇಸ್ ಮಾಡಿದರೆ ಮರುಮಾತಿಲ್ಲದೆ ಎಲೆ ಕೆಳಗಿಡಿ.