ಹಳೇ ವಿಡಿಯೊ ಗೇಮ್‌ಗೆ ಹೊಸ ಕಂಟ್ರೋಲರ್: ಆರಿಸುವುದು, ಜೋಡಿಸುವುದು ಹೇಗೆ?

ಅಟ್ಟದಿಂದ ಇಳಿಸಿದ ಪ್ಲೇಸ್ಟೇಷನ್ 2 ಆನ್ ಆಗುತ್ತದೆ, ಡಿಸ್ಕ್ ಕೂಡ ತಿರುಗುತ್ತದೆ. ಕೈ ಕೊಡುವುದು ಕಂಟ್ರೋಲರ್. ಬಟನ್ ಕೆಳಗಿನ ರಬ್ಬರ್ ಹರಿದಿರುತ್ತದೆ, ಇಲ್ಲವೇ ವೈರ್ ಬುಡದಲ್ಲೇ ತುಂಡಾಗಿರುತ್ತದೆ. ಮೂಲ ಕಂಪನಿಗಳು ಇವನ್ನು ತಯಾರಿಸುವುದು ನಿಲ್ಲಿಸಿ ವರ್ಷಗಳೇ ಆದವು. ಆದರೆ ಏಟ್‌ಬಿಟ್‌ಡೂ, ರೆಟ್ರೊ-ಬಿಟ್, ರೆಟ್ರೊ ಫೈಟರ್ಸ್, ಹೈಪರ್‌ಕಿನ್‌ನಂಥ ಕಂಪನಿಗಳು ಈಗ ಹಳೇ ಕನ್ಸೋಲ್‌ಗಳಿಗೆಂದೇ (ಅಂದರೆ ಟಿವಿಗೆ ಜೋಡಿಸುವ ಗೇಮ್ ಪೆಟ್ಟಿಗೆಗಳಿಗೆಂದೇ) ಹೊಸ ಕಂಟ್ರೋಲರ್ ಮಾಡುತ್ತಿವೆ. ಬಣ್ಣ, ಆಕಾರ ನೋಡಿ ಮರುಳಾಗಬೇಡಿ. ನಿಮ್ಮ ಕನ್ಸೋಲ್ ಮತ್ತು ನೀವು ಆಡುವ ಗೇಮ್‌ಗಳಿಗೆ ಯಾವುದು ಹೊಂದುತ್ತದೆ ಎಂದು ನೋಡಿ ಕೊಳ್ಳಿ.

ಮೊದಲು ಸಾಕೆಟ್ ನೋಡಿ

ಕನ್ಸೋಲ್ ಮುಂಭಾಗದ ಸಾಕೆಟ್‌ನ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗುವುದಿದ್ದರೂ, ಆನ್‌ಲೈನ್‌ನಲ್ಲಿ ತರಿಸುವುದಿದ್ದರೂ ಅದು ಬೇಕಾಗುತ್ತದೆ.

ನಮ್ಮ ಕಡೆ ಇಲ್ಲೊಂದು ತೊಡಕಿದೆ. 90ರ ದಶಕದಲ್ಲಿ ಮನೆಮನೆಗೆ ಬಂದ ‘ಟಿವಿ ವಿಡಿಯೊ ಗೇಮ್’ಗಳಲ್ಲಿ ಹೆಚ್ಚಿನವು ನಿಂಟೆಂಡೊದ ಫ್ಯಾಮಿಕಾಮ್‌ನ ನಕಲುಗಳು. ಫ್ಯಾಮಿಕಾಮ್ ಜಪಾನಿನಲ್ಲಿ 1983ರಲ್ಲಿ ಬಂದದ್ದು. ಅದರ ಎಷ್ಟೋ ನಕಲುಗಳಲ್ಲಿ 9 ಪಿನ್ನಿನ ಸಾಕೆಟ್ ಇರುತ್ತದೆ. ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲ್‌ನದೂ 9 ಪಿನ್ನೇ. ನೋಡಲು ಒಂದೇ ಥರ, ಪ್ಲಗ್ ಸಲೀಸಾಗಿ ಕೂರುತ್ತದೆ. ಆದರೆ 5 ವೋಲ್ಟ್ ಬರುವ ಪಿನ್ನೇ ಎರಡರಲ್ಲೂ ಬೇರೆ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಲೇಬೇಡಿ.

ಅಮೆರಿಕ, ಯುರೋಪಿನ ಎನ್‌ಇಎಸ್‌ಗೆ (ಫ್ಯಾಮಿಕಾಮ್ ಅಲ್ಲಿ ಮಾರಾಟವಾದ ರೂಪ) ಮಾಡಿದ ವೈರ್‌ಲೆಸ್ ರಿಸೀವರ್‌ಗಳಿಗೆ 7 ಪಿನ್ನಿನ ಪ್ಲಗ್ ಇರುತ್ತದೆ. ಅದು ನಮ್ಮ ನಕಲು ಸೆಟ್‌ಗೆ ಹಿಡಿಸುವುದಿಲ್ಲ. ಇಂಥ ಸೆಟ್ ಇದ್ದವರು ಹಳೇ ಕಂಟ್ರೋಲರನ್ನೇ ರಿಪೇರಿ ಮಾಡಿಕೊಳ್ಳುವುದು ಮೇಲು. ಹಿಂದಿನ ಸ್ಕ್ರೂ ಬಿಚ್ಚಿ, ಬೋರ್ಡ್ ಮೇಲಿನ ಕಪ್ಪು ಕಾರ್ಬನ್ ಗುರುತುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಉಜ್ಜಿದರೆ ಕಾರ್ಬನ್ನೇ ಎದ್ದುಬರುತ್ತದೆ. ರಬ್ಬರ್ ಹರಿದಿದ್ದರೆ ಅದನ್ನಷ್ಟೇ ಬದಲಿಸಿದರೂ ಸಾಕು.

ವೈರೋ, ವೈರ್‌ಲೆಸ್ಸೋ?

ಹಳೇ ಕನ್ಸೋಲ್‌ಗೆ ಬ್ಲೂಟೂತ್ ಅಂದರೆ ಏನೂ ಗೊತ್ತಿಲ್ಲ. ಹಾಗಾಗಿ ವೈರ್‌ಲೆಸ್ ಕಂಟ್ರೋಲರ್‌ಗೆ ಸಾಕೆಟ್‌ನಲ್ಲಿ ಕೂರುವ ಪುಟ್ಟ ರಿಸೀವರ್ ಬೇಕೇ ಬೇಕು. ಎನ್‌ಇಎಸ್‌ನಲ್ಲಿ ಕನ್ಸೋಲ್ ಕೇಳಿದಾಗೆಲ್ಲ ಕಂಟ್ರೋಲರ್ ತನ್ನ ಎಂಟು ಬಟನ್‌ಗಳ ಸ್ಥಿತಿಯನ್ನು ಒಂದೊಂದಾಗಿ ಒಪ್ಪಿಸುತ್ತದೆ. ರಿಸೀವರ್ ಮಾಡುವುದೂ ಅದನ್ನೇ. ರೇಡಿಯೊದಲ್ಲಿ ಬಂದದ್ದನ್ನು ಹಳೇ ಭಾಷೆಯಲ್ಲಿ ಹೇಳುವ ದುಭಾಷಿ ಅದು. ಅದಕ್ಕೆ ಬೇಕಾದ ಕರೆಂಟ್ ಕೂಡ ಕನ್ಸೋಲ್‌ನಿಂದಲೇ ಬರುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲೆ ಬರೆದದ್ದನ್ನು ಸರಿಯಾಗಿ ಓದಿ. ಏಟ್‌ಬಿಟ್‌ಡೂನ ಎಂ30 ಕಂಟ್ರೋಲರ್ ಬ್ಲೂಟೂತ್‌ನಲ್ಲೂ ಸಿಗುತ್ತದೆ, 2.4 ಗಿಗಾಹರ್ಟ್ಸ್‌ನಲ್ಲೂ (ಬ್ಲೂಟೂತ್ ಅಲ್ಲದ, ತನ್ನದೇ ರಿಸೀವರ್ ಜೊತೆ ಮಾತಾಡುವ ವೈರ್‌ಲೆಸ್) ಸಿಗುತ್ತದೆ. ಎರಡೂ ನೋಡಲು ಹೆಚ್ಚುಕಮ್ಮಿ ಒಂದೇ. ಎರಡನೆಯದರ ಜೊತೆ ಮೆಗಾ ಡ್ರೈವ್ ರಿಸೀವರ್ ಬರುತ್ತದೆ. ಮೊದಲನೆಯದಕ್ಕೆ ಬೇರೆಯಾಗಿ ಕೊಳ್ಳಬೇಕು. ಸೆಗಾ ಲೈಸೆನ್ಸ್ ಪಡೆದು ರೆಟ್ರೊ-ಬಿಟ್ ಮಾಡುವ 2.4 ಗಿಗಾಹರ್ಟ್ಸ್ ಕಂಟ್ರೋಲರ್‌ಗಳಲ್ಲಿ ಹಳೇ ಸಾಕೆಟ್‌ಗೊಂದು, ಯುಎಸ್‌ಬಿಗೊಂದು ಎಂದು ಎರಡು ರಿಸೀವರ್ ಇರುತ್ತವೆ. ಕಂಪ್ಯೂಟರ್‌ನಲ್ಲೂ ಆಡುವವರಿಗೆ ಇದು ಅನುಕೂಲ.

ಪ್ಲೇಸ್ಟೇಷನ್ 2ರಲ್ಲಿ ಮೆಮೊರಿ ಕಾರ್ಡ್‌ನ ಜಾಗ ಕಂಟ್ರೋಲರ್ ಸಾಕೆಟ್‌ನ ಮೇಲೇ ಇದೆ. ರಿಸೀವರ್ ದಪ್ಪ ಇದ್ದರೆ ಕಾರ್ಡ್‌ಗೆ ಅಡ್ಡ ಬರಬಹುದು, ಅಳತೆ ನೋಡಿ ಕೊಳ್ಳಿ.

ಜೋಡಿಸುವ ಕ್ರಮ

ಕನ್ಸೋಲ್ ಆಫ್ ಮಾಡಿ. ಸಾಕೆಟ್‌ನ ಧೂಳು ತೆಗೆಯಿರಿ. ಕಂಟ್ರೋಲರನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ರಿಸೀವರ್ ಹಾಕಿ, ಆಮೇಲೆ ಕನ್ಸೋಲ್ ಆನ್ ಮಾಡಿ. ಬ್ಲೂಟೂತ್ ರಿಸೀವರ್ ಆದರೆ ಅದರ ಪುಟ್ಟ ಬಟನ್ ಒತ್ತಿ, ದೀಪ ಮಿಣುಕುವಾಗ ಕಂಟ್ರೋಲರ್‌ನ ಪೇರಿಂಗ್ ಬಟನ್ ಒತ್ತಿ ಹಿಡಿಯಿರಿ. ಇಬ್ಬರು ಆಡುವುದಿದ್ದರೆ ಒಂದನ್ನು ಪೂರ್ತಿ ಜೋಡಿಸಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಏಟ್‌ಬಿಟ್‌ಡೂನಂಥವಕ್ಕೆ ಕಂಪ್ಯೂಟರ್ ಮೂಲಕ ಫರ್ಮ್‌ವೇರ್ (ಕಂಟ್ರೋಲರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಸಿಗುತ್ತದೆ. ಕನೆಕ್ಷನ್ ತೊಂದರೆ ಕೊಟ್ಟರೆ ಮೊದಲು ಅದನ್ನು ಮಾಡಿ.

ಆಡಿಯೇ ಪರೀಕ್ಷಿಸಿ

ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯ. ವಾಪಸ್ ಮಾಡುವ ಗಡುವು ಮುಗಿಯುವ ಮುಂಚೆಯೇ ಮಾಡಿ.

ಡಿ-ಪ್ಯಾಡ್‌ಗೆ, ಅಂದರೆ ನಾಲ್ಕು ದಿಕ್ಕಿನ ಬಾಣದ ಬಟನ್‌ಗೆ, ‘ಕಾಂಟ್ರಾ’ ಗೇಮ್‌ಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕೆಳಗಿನ ಬಾಣ ಒತ್ತಿದರೆ ನಿಮ್ಮ ಸೈನಿಕ ನೆಲಕ್ಕೆ ಮಲಗುತ್ತಾನೆ. ಹಾಗೇ ಒತ್ತಿಕೊಂಡು ಹೆಬ್ಬೆರಳನ್ನು ಒಂಚೂರು ಬಲಕ್ಕೆ ವಾಲಿಸಿ. ಒಳ್ಳೆಯ ಡಿ-ಪ್ಯಾಡ್ ಆದರೆ ಅವನು ಮಲಗಿಯೇ ಇರುತ್ತಾನೆ. ಕೆಟ್ಟದ್ದಾದರೆ ಎದ್ದು, ಬಂದೂಕನ್ನು ಓರೆಯಾಗಿ ಕೆಳಗೆ ಹಿಡಿದು ಓಡಲು ಶುರು ಮಾಡುತ್ತಾನೆ, ಗುಂಡಿಗೂ ಸಿಗುತ್ತಾನೆ. ಇನ್ನು 30 ಜೀವದ ಆ ಹಳೇ ಕೋಡ್: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಸ್ಟಾರ್ಟ್. ಸರಿಯಾಗಿ ಒತ್ತಿಯೂ ಮತ್ತೆ ಮತ್ತೆ ಹಿಡಿಯುತ್ತಿಲ್ಲವೇ? ಆ ಕಂಟ್ರೋಲರ್ ಬೇಡ. ತೀರಾ ಅಗ್ಗದ ನಕಲುಗಳು ಸಾಮಾನ್ಯವಾಗಿ ಸೋಲುವುದು ಇಲ್ಲೇ.

1996ರ ನಿಂಟೆಂಡೊ 64 ವಿದೇಶದಲ್ಲಿರುವ ಕನ್ನಡಿಗರ ಮನೆಗಳಲ್ಲೇ ಜಾಸ್ತಿ ಸಿಕ್ಕೀತು. ಅದರ ಮೂಲ ಕಂಟ್ರೋಲರ್ ಬಿಚ್ಚಿದರೆ ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್‌ನ ಬುಡದಲ್ಲಿ ಬಿಳಿ ಪುಡಿ ಕಾಣುತ್ತದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ತಿಕ್ಕಿ ಸವೆದು ಬಿದ್ದ ಪುಡಿ ಅದು. ಸ್ಟಿಕ್ ಸಡಿಲವಾಗುವುದು ಹೀಗೆ. ಇದೊಂದು ಕನ್ಸೋಲ್‌ಗೆ ಹೊಸ ಕಂಟ್ರೋಲರೇ ವಾಸಿ ಎಂದು ಧೈರ್ಯವಾಗಿ ಹೇಳುತ್ತೇನೆ. ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಸಿಕ್ಕರಂತೂ ಬಿಡಬೇಡಿ, ಅದರ ಸೆನ್ಸರ್‌ನಲ್ಲಿ ತಿಕ್ಕಾಟವಿಲ್ಲ. ಆದರೆ ಕೆಲವು ಹೊಸ ಸ್ಟಿಕ್‌ಗಳು ಮೂಲದ್ದಕ್ಕಿಂತ ಜೋರಾದ ಸಂಕೇತ ಕಳಿಸುತ್ತವೆ. ‘ಸೂಪರ್ ಮಾರಿಯೊ 64’ ಹಾಕಿ, ಸ್ಟಿಕ್ಕನ್ನು ಚೂರೇ ಚೂರು ತಳ್ಳಿ. ಮಾರಿಯೊ ತುದಿಗಾಲಲ್ಲಿ ನಡೆಯಬೇಕು. ಒಮ್ಮೆಲೇ ಓಡಿದರೆ ಸ್ಟಿಕ್ ಸಣ್ಣ ಚಲನೆಯನ್ನು ಸರಿಯಾಗಿ ತಿಳಿಸುತ್ತಿಲ್ಲ ಎಂದರ್ಥ.

ಪ್ಲೇಸ್ಟೇಷನ್ 2ರ ಮೂಲ ಡ್ಯುಯಲ್‌ಶಾಕ್ 2ರಲ್ಲಿ ಬಟನ್ ಎಷ್ಟು ಒತ್ತಿದಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ‘ಮೆಟಲ್ ಗೇರ್ ಸಾಲಿಡ್ 2’ರಲ್ಲಿ ಗುರಿಯಿಟ್ಟ ಬಂದೂಕನ್ನು ಗುಂಡು ಹಾರಿಸದೆ ಇಳಿಸಬೇಕಾದರೆ ಸ್ಕ್ವೇರ್ ಬಟನ್ನನ್ನು ನಿಧಾನಕ್ಕೆ ಬಿಡಬೇಕು. ಬೇರೆ ಕಂಪನಿಗಳ ಎಷ್ಟೋ ಕಂಟ್ರೋಲರ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಇಂಥ ಗೇಮ್ ಆಡುವವರು ಮೂಲದ್ದನ್ನು ಎಸೆಯಬೇಡಿ.

ಮೆಗಾ ಡ್ರೈವ್‌ನ ಕೆಲವು ಹಳೇ ಗೇಮ್‌ಗಳಿಗೆ 1993ರಲ್ಲಿ ಬಂದ ಆರು ಬಟನ್‌ನ ಕಂಟ್ರೋಲರ್ ಆಗಿಬರುವುದಿಲ್ಲ. ಮೋಡ್ ಬಟನ್ ಒತ್ತಿ ಹಿಡಿದು ಕನ್ಸೋಲ್ ಆನ್ ಮಾಡಿದರೆ ಅದು ಮೂರು ಬಟನ್‌ನದರಂತೆ ಕೆಲಸ ಮಾಡುತ್ತದೆ. ವೈರ್‌ಲೆಸ್‌ನಲ್ಲಿ ಕನ್ಸೋಲ್ ಆನ್ ಆದ ಮೇಲಷ್ಟೇ ಕನೆಕ್ಷನ್ ಸಿಗುವುದರಿಂದ ಈ ಉಪಾಯ ನಡೆಯದೇ ಇರಬಹುದು. ಕೈಪಿಡಿ ನೋಡಿ.

ತಡವಾಗುತ್ತಿದೆ ಅನ್ನಿಸಿದರೆ

ಬಟನ್ ಒತ್ತಿದ ಮೇಲೆ ಜಿಗಿತ ತಡವಾದರೆ ಎಲ್ಲರೂ ಕಂಟ್ರೋಲರನ್ನೇ ಬೈಯುತ್ತಾರೆ. ನಮ್ಮಲ್ಲಿಯ ಪಾಲ್ (ನಮ್ಮ ಹಳೇ ಟಿವಿಗಳ ಸಂಕೇತ ಪದ್ಧತಿ) ಕನ್ಸೋಲ್‌ಗಳು ಸೆಕೆಂಡಿಗೆ 50 ಚಿತ್ರ ಕಳಿಸುತ್ತವೆ, ಅಂದರೆ ಒಂದಕ್ಕೆ 20 ಮಿಲಿಸೆಕೆಂಡ್. ಒಳ್ಳೆಯ ವೈರ್‌ಲೆಸ್ ಕಂಟ್ರೋಲರ್‌ನಿಂದ ಆಗುವ ತಡ ಸಾಮಾನ್ಯವಾಗಿ ಇದರೊಳಗೇ ಇರುತ್ತದೆ. ಹೊಸ ಎಲ್‌ಇಡಿ ಟಿವಿಗಳು ಹಳೇ ಸಂಕೇತವನ್ನು ಹಿಗ್ಗಿಸಿ ತೋರಿಸಲು ಇದಕ್ಕಿಂತ ಜಾಸ್ತಿ ಹೊತ್ತು ತಗೊಳ್ಳಬಹುದು. ಟಿವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಆಮೇಲೂ ತಡವಾದರೆ ವೈರ್ ಇರುವ ಕಂಟ್ರೋಲರ್ ಹಾಕಿ ನೋಡಿ. ಅದರಲ್ಲೂ ಹಾಗೇ ಇದ್ದರೆ ತಪ್ಪು ಟಿವಿಯದು.